ದೇವರ ಪ್ರೀತಿಗೆ ಮಳೆ ಅಳತೆಗೋಲಲ್ಲ

"ದೇವರು ನನ್ನನ್ನು ಪ್ರೀತಿಸ್ತಾನೆ, ಅದಕ್ಕೇ ಬೆಳೆ ಬಂತು, ರೋಗ ವಾಸಿಯಾಯ್ತು" ಅಂತ ಸಾಕ್ಷಿ ಹೇಳಿಸುವ ಪ್ರಾರ್ಥನಾ ಕೂಟಗಳ ಬಗ್ಗೆ ನನ್ನದೊಂದು ತಕರಾರಿದೆ ಸ್ವಾಮಿ. ಹಾಗಾದರೆ ಬೆಳೆ ಒಣಗಿದವನ ಗತಿ ಏನು? ಅವನನ್ನು ದೇವರು ಕೈಬಿಟ್ಟನೇ?

ನವಲಗುಂದದ ಎರೆ ಹೊಲದಲ್ಲಿ ನಿಂತು ಈ ಲೆಕ್ಕ ಹಾಕಿ ನೋಡಿ. 2015ರಲ್ಲಿ ಮಹದಾಯಿ ನೀರಿಗಾಗಿ ಇಲ್ಲಿನ ರೈತರು ಧರಣಿ ಕೂತರು. 2019ರಲ್ಲಿ ಬೆಣ್ಣಿಹಳ್ಳ ಉಕ್ಕಿ ಹೊಲಕ್ಕೇ ನುಗ್ಗಿತು. ನೀರಿಲ್ಲದಾಗ ದೇವರಿಗೆ ಸಿಟ್ಟು, ನೀರು ಹೆಚ್ಚಾದಾಗ ಇನ್ನೂ ಸಿಟ್ಟು ಅನ್ನೋಣವೇ? ಮಳೆ ನೀತಿವಂತನಿಗೂ ಅನೀತಿವಂತನಿಗೂ ಒಂದೇ ಅಂತ ಯೇಸುವೇ ಹೇಳಿದ್ದು ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಮಳೆ ದೇವರ ದಯೆ ಹೌದು. ಆದರೆ ಯಾರ ಮೇಲೆ ಹೆಚ್ಚು ಪ್ರೀತಿ ಅಂತ ತೂಗುವ ತಕ್ಕಡಿಯಲ್ಲ.

ಲಾಜರನ ಕಥೆ ಓದಿ. ಅಕ್ಕತಂಗಿಯರು ಯೇಸುವಿಗೆ ಕಳಿಸಿದ ಸುದ್ದಿಯಲ್ಲಿ ಅವನು ಯೇಸುವಿಗೆ ಪ್ರಿಯನೂ ಹೌದು, ರೋಗಿಯೂ ಹೌದು. ಪೌಲ ಮೂರು ಸಲ ಬೇಡಿಕೊಂಡರೂ ಅವನ ಶರೀರದ ಮುಳ್ಳು ಹೋಗಲಿಲ್ಲ. ಪೌಲನ ವಿಶ್ವಾಸ ಕಡಿಮೆಯಿತ್ತು ಅನ್ನುವ ಧೈರ್ಯ ಯಾರಿಗಿದೆ?

ಮತ್ತೆ ತಿಳಿಯೋದು ಹೇಗೆ? ರೋಮಾಪುರದವರಿಗೆ ಬರೆಯುವಾಗ ಪೌಲ ತೋರಿಸಿದ್ದು ಶಿಲುಬೆಯನ್ನು. ಅದು ನಾವು ಒಳ್ಳೆಯವರಾಗುವ ಮೊದಲೇ ನಡೆದುಹೋದದ್ದು. ನಮ್ಮ ಯೋಗ್ಯತೆ ನೋಡಿ ಬಂದ ಪ್ರೀತಿ ಅಲ್ಲ ಅದು. ಈ ವರ್ಷದ ಪೈರು ಅದನ್ನು ಹೆಚ್ಚಿಸಲೂ ಆರದು, ಇಳಿಸಲೂ ಆರದು.

ಸಾಕ್ಷಿ ಹೇಳಿಸೋದಾದರೆ ಬೆಳೆ ಕಳಕೊಂಡವನಿಗೂ ಮೈಕು ಕೊಡಿ. ಆಮೇಲೆ ಅವನ ಮನೆಗೆ ಒಂದು ಚೀಲ ಜೋಳವನ್ನೂ ಕಳಿಸಿ. ಬರೀ ಬಾಯಿಮಾತಿನ ಪ್ರೀತಿ ಸಾಲದು ಅಂತ ಯೋಹಾನನ ಮೊದಲನೇ ಪತ್ರದಲ್ಲೇ ಇದೆಯಲ್ಲ!