ಬೀರುವಿನಲ್ಲಿಟ್ಟ ಚಿನ್ನದ ಪದಕ

ನಂಜನಗೂಡಿನ ಮನೆಯಿಂದ ತಿ. ನರಸೀಪುರದ ಶಾಲೆಗೆ ಬಸ್ಸಿನಲ್ಲಿ ಓಡಾಡಲು ಶುರುಮಾಡಿ ಇಪ್ಪತ್ತೈದು ವರ್ಷವಾಯಿತು. ಈಚೆಗೆ ಅದೇ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವಳು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು. "ಪದಕ ಎಲ್ಲಿಟ್ಟಿದ್ದೀಯಮ್ಮ?" ಎಂದೆ. "ಬೀರುವಿನಲ್ಲಿದೆ ಮಿಸ್, ಒಡವೆ ಜೊತೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಪದಕ ಬಂದ ವರ್ಷ ಶಾಲೆಗೆ ಕರೆಸಿ, ಶಾಲು ಹೊದಿಸಿ, "ಇನ್ನು ಬೇಗ ಮದುವೆ ಊಟ ಹಾಕಿಸು" ಎಂದವಳು ನಾನೇ.

ಪ್ರತಿ ವರ್ಷ ಘಟಿಕೋತ್ಸವದ ಮರುದಿನ ಪತ್ರಿಕೆಗಳಲ್ಲಿ ಒಂದೇ ಸುದ್ದಿ: ಪದಕಗಳಲ್ಲಿ ಹುಡುಗಿಯರದೇ ಮೇಲುಗೈ. ಓದಿ ಹಿಗ್ಗುತ್ತೇವೆ. ಆ ಮೇಲುಗೈ ಆಮೇಲೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ವಿಜ್ಞಾನದಲ್ಲಿ ದೇಶದ ದೊಡ್ಡ ಗೌರವವೆನಿಸಿದ ಭಟ್ನಾಗರ್ ಪ್ರಶಸ್ತಿ 1958ರಿಂದ 2022ರವರೆಗೆ ಐನೂರಕ್ಕೂ ಹೆಚ್ಚು ಮಂದಿಗೆ ಸಂದಿದೆ. ಅವರಲ್ಲಿ ಹೆಂಗಸರು ಇಪ್ಪತ್ತೈದು ಜನರೂ ಇಲ್ಲ. 1961ರಲ್ಲಿ ಕಲ್ಕತ್ತೆಯ ಆಸೀಮಾ ಚಟರ್ಜಿ ಪಡೆದ ಮೇಲೆ ಎರಡನೆಯ ಮಹಿಳೆಗೆ ಅದು ಸಿಗಲು 1975 ಬರಬೇಕಾಯಿತು.

ಹೆಂಗಸರಿಗೆ ಅಷ್ಟು ಬುದ್ಧಿಯಿಲ್ಲ ಎನ್ನುವವರು ನಮ್ಮ ನಂಜನಗೂಡಿನ ಕಡೆ ನೋಡಲಿ. 1922ರಲ್ಲಿ ಇಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಗಣಿತದ ಎಂ.ಎಸ್ಸಿ.ಯಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರು. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಮೈಕ್ರೋವೇವ್, ಆಂಟೆನಾಗಳ ಮೇಲೆ ಸಂಶೋಧನೆ ಮಾಡಿದರು, ವಿಭಾಗದ ಮುಖ್ಯಸ್ಥೆಯಾದರು, ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ನೀಡಿದರು. 2010ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಅವರ ಹೆಸರು ಕೇಳಿದೆ, ಒಂದು ಕೈಯೂ ಮೇಲೇಳಲಿಲ್ಲ. ಸ್ಟಾಫ್ ರೂಮಿನಲ್ಲೂ ಇಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ!

ಅವರ ಪದಕ ಬೀರು ಸೇರಲಿಲ್ಲವೇಕೆ? ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳಿಗೆ ಓದಿಸುವ ಮನೆಯಿತ್ತು. ನನಗೆ ಇರಲಿಲ್ಲ. ಪಿಯುಸಿಗೆ ವಿಜ್ಞಾನ ಬೇಕೆಂದಾಗ "ಪ್ರಾಕ್ಟಿಕಲ್ ಮುಗಿಸಿ ಬರೋ ಹೊತ್ತಿಗೆ ಕತ್ತಲಾಗುತ್ತೆ" ಎಂದರು ಅಪ್ಪ. ನನಗಿಂತ ಕಡಿಮೆ ಅಂಕ ತೆಗೆದ ಅಣ್ಣನಿಗೆ ಕತ್ತಲು ಅಡ್ಡ ಬರಲಿಲ್ಲ. ನಾನು ಬಿ.ಎ. ಓದಿದೆ.

ಇನ್ನು ಪ್ರಶಸ್ತಿಯ ನಿಯಮ. ಭಟ್ನಾಗರ್ ಪ್ರಶಸ್ತಿಗೆ ನಲವತ್ತೈದು ದಾಟಿರಬಾರದು. 2024ರಲ್ಲಿ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಜೊತೆ ಸೇರಿ 'ವಿಜ್ಞಾನ ಯುವ' ಎಂದು ಹೆಸರು ಬದಲಾದರೂ ಆ ಗಡಿ ಉಳಿದಿದೆ. ಗಂಡಸರಿಗೂ ಅದೇ ನಿಯಮವಲ್ಲವೆ ಎನ್ನಬಹುದು. ನೀವೇ ಹೇಳಿ, ಇಪ್ಪತ್ತೈದರಿಂದ ನಲವತ್ತರವರೆಗೆ ಮಗುವಿಗೆ ಜ್ವರ ಬಂದರೆ ರಾತ್ರಿ ಏಳುವವರು ಯಾರು? ಅತ್ತೆಗೆ ಹುಷಾರಿಲ್ಲದಿದ್ದರೆ ರಜೆ ಹಾಕುವವರು ಯಾರು? ಇದನ್ನು ಒಪ್ಪಿಕೊಂಡೇ ಕೇಂದ್ರದ ವಿಜ್ಞಾನ ಇಲಾಖೆ, ನಡುವೆ ಕೆಲಸ ಬಿಟ್ಟ ಹೆಂಗಸರಿಗೆಂದು ಫೆಲೋಶಿಪ್ ಇಟ್ಟಿದೆ. ಪ್ರಶಸ್ತಿಯ ವಯಸ್ಸಿನ ಲೆಕ್ಕದಲ್ಲೂ ಆ ವರ್ಷಗಳನ್ನು ಕಳೆಯಬೇಕು. ಅದು ದಯೆಯಲ್ಲ, ಸರಿಯಾದ ಲೆಕ್ಕ.

ದೆಹಲಿಯ ನಿಯಮ ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ನಾಲಿಗೆಯಂತೂ ನಮ್ಮದೇ. ಪದಕ ತಂದ ಹುಡುಗಿಗೆ "ಮದುವೆ ಯಾವಾಗ?" ಎನ್ನುವ ಬದಲು "ಮುಂದೇನು ಓದುತ್ತೀಯ?" ಎಂದು ಕೇಳೋಣ. ಮದುವೆಯಾದವಳಾದರೆ ಅವಳ ಮಗುವನ್ನು ನಾಲ್ಕು ಗಂಟೆ ನೋಡಿಕೊಳ್ಳೋಣ. ಆಮೇಲೆ ಶಾಲು ಹೊದಿಸೋಣ.

ಬಸ್ಸಿನಲ್ಲಿ ಅವಳ ವಯಸ್ಸು ಕೇಳಿದೆ. ಮೂವತ್ತೆರಡಂತೆ. ಇಳಿಯುವಾಗ ಮೆಲ್ಲಗೆ ಕೇಳಿದಳು: "ಈಗ ಪಿಎಚ್.ಡಿ.ಗೆ ಸೇರಬಹುದಾ ಮಿಸ್?" ಅವಳ ಮನೆಯವರ ಹತ್ತಿರ ಮಾತಾಡಲು ಬರುವ ಭಾನುವಾರ ಹೋಗುತ್ತಿದ್ದೇನೆ.