ಮೂರು ಕೊಟೇಷನ್ನು, ಒಂದು ಸುಟ್ಟ ಮೋಟರ್

ಹೋದ ಸೆಮಿಸ್ಟರಿನಲ್ಲಿ ನಮ್ಮ ಪ್ರಾಜೆಕ್ಟಿಗೆ ಒಂದು ಗೇರ್ ಮೋಟರ್, ನಾಲ್ಕು ಬೇರಿಂಗ್ ಬೇಕಾಗಿತ್ತು. ದುಡ್ಡು ವಾಪಸ್ ಬರಬೇಕಂದ್ರೆ ಮೂರು ಕೊಟೇಷನ್ ಲಗತ್ತಿಸಿ ಅಂದ್ರು. ಅಂಗಡಿಯವರನ್ನ ಕೇಳಿದ್ರೆ ಅವರು ನಗ್ತಾ ಡ್ರಾಯರಿನಿಂದ ಬೇರೆ ಬೇರೆ ಹೆಸರಿನ ಮೂರು ಲೆಟರ್‌ಹೆಡ್ ತೆಗೆದು, "ಯಾವುದು ಕಡಿಮೆ ಇರ್ಲಿ ಹೇಳಪ್ಪ" ಅಂದ್ರು. ಐದು ನಿಮಿಷದಲ್ಲಿ ಸ್ಪರ್ಧೆ ಮುಗೀತು. ಫೈಲು ಮಾತ್ರ ಯಾರೂ ಬೆರಳಿಟ್ಟು ತೋರಿಸೋಕೆ ಆಗದಷ್ಟು ಸರಿಯಾಗಿತ್ತು. ನಾವೂ ನಗ್ತಾನೇ ಸಹಿ ಹಾಕಿದ್ವಿ.

ನಮ್ಮೂರು ತರೀಕೆರೆ. (ಹೌದು, ಏರಿ ಮೇಲೆ ಕುರಿಮರಿ ಮೇಯೋ ಅದೇ ತರೀಕೆರೆ. ಹಾಸ್ಟೆಲಿನಲ್ಲಿ ಮೊದಲ ವಾರ ಇದನ್ನ ಸಿಕ್ಕಸಿಕ್ಕವರ ಬಾಯಲ್ಲಿ ಕೇಳಿ ಆಗಿದೆ, ಇನ್ನು ಸಾಕು.) ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇರೋದು ನಮ್ಮ ತಾಲೂಕಲ್ಲೇ. ಆದ್ರೆ ಪಕ್ಕದಲ್ಲಿ ಎಷ್ಟೇ ನೀರಿರಲಿ, ಓಣಿಯ ಬೋರ್‌ವೆಲ್ ಮೋಟರ್ ಸುಟ್ಟ ದಿನ ಓಣಿಗೆ ನೀರಿಲ್ಲ. ಇದು ನಮ್ಮ ಪುರಸಭೆಯೊಂದರ ಕಥೆ ಅಂತ ಹೇಳ್ತಿಲ್ಲ. ಕಡೂರು, ಬೀರೂರು, ರಾಜ್ಯದ ಯಾವ ಸಣ್ಣ ಊರನ್ನಾದ್ರೂ ಇಟ್ಕೊಳ್ಳಿ, ನಿಯಮ ಒಂದೇ.

ಪುರಸಭೆ ಒಂದು ರೂಪಾಯಿ ಖರ್ಚು ಮಾಡಬೇಕಂದ್ರೆ ಬಜೆಟ್ಟಿನಲ್ಲಿ ಅದಕ್ಕೊಂದು ತಲೆಬರಹ ಇರಬೇಕು. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಬಂದ ಮೇಲೆ ಲೆಕ್ಕ ಇಡೋ ಕ್ರಮ ಬಿಗಿಯಾಗಿದೆ. ಕಾಮಗಾರಿ ಆದ್ರೆ ಇಂಜಿನಿಯರ್ ಎಸ್.ಆರ್. ದರದಲ್ಲಿ ಎಸ್ಟಿಮೇಟ್ ಹಾಕಬೇಕು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಆಮೇಲೆ ಅಳತೆ ಪುಸ್ತಕ, ಬಿಲ್ಲು. ಇದರಲ್ಲಿ ಒಂದೂ ಸುಮ್ನೆ ಬಂದಿದ್ದಲ್ಲ. ಪ್ರತಿ ಹೆಜ್ಜೆ ಹಿಂದೆಯೂ ಯಾರೋ ಯಾವಾಗಲೋ ದುಡ್ಡು ಹೊಡೆದ ಚರಿತ್ರೆ ಇದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂದಿದ್ದೂ ಅದಕ್ಕೇ. ಅಧಿಕಾರಿಗೆ ಬೇಕಾದವರಿಗೆ ಕೆಲಸ ಕೊಡೋದು ನಿಲ್ಲಬೇಕು ಅಂತ.

ಈಗ ಏಪ್ರಿಲ್ ತಿಂಗಳು, ಮೋಟರ್ ಸುಡ್ತು. ಬೆಳಗ್ಗೆ ಏಳಕ್ಕೆ ವಾರ್ಡ್ ಸದಸ್ಯರ ಮನೆ ಮುಂದೆ ಕೊಡ. ಮೇಲೆ ಹೇಳಿದ ದಾರಿ ಹಿಡಿದ್ರೆ ನೀರು ಮಳೆಗಾಲಕ್ಕೇ ಬರೋದು. ಹಾಗಾಗಿ ಏನಾಗುತ್ತೆ? ಗೊತ್ತಿರೋ ರಿವೈಂಡಿಂಗ್ ಅಂಗಡಿಗೆ ಫೋನ್ ಹೋಗುತ್ತೆ. ಅವರು ಸಾಲದ ಮೇಲೆ ಕೆಲಸ ಮಾಡಿ ಕೊಡ್ತಾರೆ. ಕೊಟೇಷನ್ನು, ಅನುಮೋದನೆ ಎಲ್ಲಾ ಆಮೇಲೆ ಹಳೇ ತಾರೀಖಿನಲ್ಲಿ ಹುಟ್ಟುತ್ತವೆ. ಬಿಲ್ಲು ಯಾವಾಗ ಪಾಸಾಗುತ್ತೋ ಗೊತ್ತಿಲ್ಲ ಅಂತ ಅಂಗಡಿಯವರು ಬಡ್ಡಿಯನ್ನೂ ರೇಟಿನೊಳಗೇ ಸೇರಿಸಿರ್ತಾರೆ. ಅದು ಕಳ್ಳತನ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅವರ ದುಡ್ಡು ಸಿಕ್ಕಿಕೊಂಡಿದೆ, ಅಷ್ಟೇ.

ನನಗೆ ಇಲ್ಲಿ ಕಷ್ಟ ಅನ್ಸೋದು ಪ್ರಾಮಾಣಿಕ ಮುಖ್ಯಾಧಿಕಾರಿಯ ಪರಿಸ್ಥಿತಿ. ನಿಯಮ ಪಾಲಿಸಿದ್ರೆ ಇಡೀ ಓಣಿ ಬಾಯಿಗೆ ಬಂದಂಗೆ ಬೈಯುತ್ತೆ. ನೀರು ಕೊಟ್ರೆ ಸುಳ್ಳು ತಾರೀಖಿಗೆ ಸಹಿ ಹಾಕ್ಬೇಕು. ಒಂದ್ಸಲ ಒಳ್ಳೇ ಕಾರಣಕ್ಕೆ ಸುಳ್ಳು ತಾರೀಖು ಹಾಕಿದ ಕೈ ಮುಂದಿನ ಸಲ ಯಾವ ಕಾರಣಕ್ಕೆ ಹಾಕ್ತು ಅಂತ ಆಡಿಟರಿಗೂ ಗೊತ್ತಾಗಲ್ಲ. ಎರಡು ಫೈಲೂ ನೋಡೋಕೆ ಒಂದೇ ಥರ ಇರ್ತವೆ, ನಮ್ಮ ಬೇರಿಂಗ್ ಫೈಲಿನ ಹಾಗೆ.

ಇನ್ನೊಂದು ಕಡೆ ನೋಡಿ. ಕಾಮಗಾರಿಗೆ ಟೆಂಡರ್ ಬೇಡ ಅನ್ನೋ ಗೆರೆ 5 ಲಕ್ಷ ರೂಪಾಯಿ. ಹಾಗಾಗಿ ರಸ್ತೆ, ಚರಂಡಿಗಳು ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರ ಬಂದು ನಿಲ್ಲೋದನ್ನ ಕಲಿತಿವೆ. ಒಂದೇ ಚರಂಡಿ, ಮೂರು ತುಂಡು ಗುತ್ತಿಗೆ. ತುಂಡು ಮಾಡಬಾರದು ಅಂತ ನಿಯಮಾನೇ ಇದೆ, ಸಿಎಜಿ ವರದಿಗಳಲ್ಲಿ ಈ ಆಕ್ಷೇಪ ಮತ್ತೆ ಮತ್ತೆ ಬರುತ್ತೆ, ಆದ್ರೂ ನಡೀತಾನೇ ಇದೆ. ದೊಡ್ಡ ಮೊತ್ತಕ್ಕೆ ಬೇರೆ ದಾರಿ. ಕಾಯ್ದೆಯ 4(ಜಿ) ಕಲಮಿನಲ್ಲಿ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು. ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರದಂಥ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ಕೆಲಸ ಹೋಗಿದ್ದು ಹೀಗೇ. ರಿವೈಂಡಿಂಗಿಗೆ ಮೂರು ಕೊಟೇಷನ್ ಕೇಳೋ ವ್ಯವಸ್ಥೆ ಕೋಟಿಗಳ ಲೆಕ್ಕಕ್ಕೆ ಬಂದಾಗ ಒಂದು ಕಾಗದದಲ್ಲಿ ಬಾಗಿಲು ತೆಗೆಯುತ್ತೆ. ಅಣೆಕಟ್ಟಿನ ತೂಬು ತೆರೆದಿಟ್ಟು ಮನೆ ನಲ್ಲಿಗೆ ವಾಷರ್ ಹಾಕಿದ ಹಾಗಾಯ್ತು.

ಹಾಗಾದ್ರೆ ಮಿತಿ ಹೆಚ್ಚಿಸಿಬಿಡಿ ಅಂತ ಸುಲಭವಾಗಿ ಹೇಳಬಹುದು. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಗೆರೆ 10 ಲಕ್ಷಕ್ಕೆ ಹೋದ್ರೆ ಚರಂಡಿಗಳು ಒಂಬತ್ತೂ ಮುಕ್ಕಾಲು ಲಕ್ಷಕ್ಕೆ ಬೆಳೆಯುತ್ತವೆ ಅಷ್ಟೇ.

ಸಮಸ್ಯೆ ಇರೋದು ಕ್ಯಾಲೆಂಡರಿನಲ್ಲಿ ಅಂತ ನನಗನ್ಸುತ್ತೆ. ಬೋರ್‌ವೆಲ್ ನಿರ್ವಹಣೆ, ಬೀದಿದೀಪ, ಬ್ಲೀಚಿಂಗ್ ಪೌಡರ್ ಇವಕ್ಕೆಲ್ಲ ವರ್ಷಕ್ಕೊಮ್ಮೆ ಟೆಂಡರ್ ಕರೆದು ದರ ನಿಗದಿ ಮಾಡಿಟ್ಕೋಬಹುದು. ಮೋಟರ್ ಸುಟ್ಟಾಗ ಆ ದರಕ್ಕೆ ಫೋನಿನಲ್ಲೇ ಕರೆಸಬಹುದು, ಸುಳ್ಳು ತಾರೀಖು ಬೇಕಿಲ್ಲ. ಇದೇನೂ ಹೊಸದಲ್ಲ, ಎಷ್ಟೋ ಕಡೆ ಕರೀತಾರೆ. ಆದ್ರೆ ಹಣಕಾಸು ವರ್ಷ ಮುಗಿಯೋದು ಮಾರ್ಚ್ 31ಕ್ಕೆ, ಸರಿಯಾಗಿ ಬಿಸಿಲು ಏರೋ ಹೊತ್ತಿಗೆ. ಹಳೇ ಗುತ್ತಿಗೆ ಮುಗಿದಿರುತ್ತೆ, ಹೊಸದು ಆಗಿರಲ್ಲ. 2000ರ ಮೂಲ ನಿಯಮದಲ್ಲಿ 2 ಕೋಟಿವರೆಗಿನ ಟೆಂಡರಿಗೇ 30 ದಿನದ ಕಾಲಾವಕಾಶ ಇಟ್ಟಿದ್ರು. ಅದರ ಮೇಲೆ ಚುನಾವಣೆ ಬೇರೆ. 2018ರ ಮೇ, 2019ರ ಏಪ್ರಿಲ್, 2023ರ ಮೇ, 2024ರ ಏಪ್ರಿಲ್-ಮೇ, ನಾಲ್ಕು ಬೇಸಿಗೆ ಮತದಾನದಲ್ಲೇ ಹೋಯ್ತು. ನೀತಿ ಸಂಹಿತೆ ಇದ್ದಾಗ ಹೊಸ ಟೆಂಡರ್ ಕಷ್ಟ. ಕುಡಿಯುವ ನೀರಿನ ತುರ್ತಿಗೆ ದಾರಿ ಇದೆ, ಆದ್ರೆ ಅನುಮತಿಗೆ ಇನ್ನೊಂದು ಕಾಗದ. ಅಡಿಕೆ ತೋಟ ಇರೋ ಮನೆಯಲ್ಲಿ ಪಂಪ್‌ಸೆಟ್ ನೋಡ್ಕೊಳ್ಳೋದು ಬಿಸಿಲು ಏರೋಕೆ ಮುಂಚೆ. ಪುರಸಭೆ ಗುತ್ತಿಗೆ ಅಕ್ಟೋಬರಿನಿಂದ ಸೆಪ್ಟೆಂಬರಿಗೆ ಇಟ್ರೆ ಏನು ತೊಂದರೆ ಅಂತ ನನಗಿನ್ನೂ ಅರ್ಥ ಆಗಿಲ್ಲ.

ಎರಡನೇದು, ಖರ್ಚಾದ ಮೇಲಿನ ಕಣ್ಣು. ಮುಂಚೆ ಹತ್ತು ಸಹಿ ಕೇಳೋದಕ್ಕಿಂತ ಆಮೇಲೆ ಬಿಲ್ಲನ್ನ ವಾರದೊಳಗೆ ಪುರಸಭೆ ಬೋರ್ಡಿಗೆ ಅಂಟಿಸೋದು ಮೇಲು. ಯಾವ ಬೋರ್‌ವೆಲ್, ಎಷ್ಟು ಎಚ್.ಪಿ., ಯಾವ ಅಂಗಡಿ, ಎಷ್ಟು ರೂಪಾಯಿ, ಕಳೆದ ಸಲ ಯಾವಾಗ ಸುಟ್ಟಿತ್ತು. ಒಂದೇ ಮೋಟರ್ ವರ್ಷದಲ್ಲಿ ಆರು ಸಲ ಸುಟ್ಟಿದೆ ಅಂದ್ರೆ ಒಂದೋ ವೋಲ್ಟೇಜ್ ಸರಿಯಿಲ್ಲ, ಇಲ್ಲಾ ಲೆಕ್ಕ ಸರಿಯಿಲ್ಲ. ಇದನ್ನ ಕಂಡುಹಿಡಿಯೋಕೆ ಆಡಿಟರ್ ಬೇಡ, ಆ ಓಣಿಯ ಅಜ್ಜಿ ಸಾಕು. ನೀರು ಯಾವ ದಿನ ಬರಲಿಲ್ಲ ಅಂತ ಅವರಿಗೆ ನೆನಪಿರುತ್ತೆ.

ಇದಕ್ಕೆ ಚುನಾಯಿತ ಸದಸ್ಯರೂ ಬೇಕು. ಕೌನ್ಸಿಲ್ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿ ಕೂತಿರ್ತಾರೆ, ಖರ್ಚು ನಡೀತಿರುತ್ತೆ, ಸಭೆಯಲ್ಲಿ ಎದ್ದು ಕೇಳೋರು ಇರಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ರಾಜಧಾನಿಯದ್ದೇ ಹೀಗಾದ್ರೆ ಸಣ್ಣ ಊರಿನದ್ದನ್ನ ಯಾರು ವಿಚಾರಿಸ್ತಾರೆ?

ಅಲ್ಲೀವರೆಗೆ ಮಾಹಿತಿ ಹಕ್ಕು ಇದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಈ ರಜೆಯಲ್ಲಿ ಊರಿಗೆ ಹೋದಾಗ ಕಳೆದ ಎರಡು ವರ್ಷದ ಮೋಟರ್ ರಿಪೇರಿ ಬಿಲ್ಲುಗಳ ಪ್ರತಿ ಕೇಳ್ತೀನಿ. ಸಿಕ್ಕಿದ್ದನ್ನ ಎಕ್ಸೆಲ್‌ನಲ್ಲಿ ಹಾಕಿ ಮುಂದಿನ ಸಂಚಿಕೆಗೆ ಕಳಿಸ್ತೀನಿ. ನಿಮ್ಮೂರಿನದ್ದನ್ನ ನೀವೂ ಕೇಳಿದ್ರೆ ಒಂದು ಎಚ್.ಪಿ.ಗೆ ಎಲ್ಲೆಲ್ಲಿ ಎಷ್ಟು ಬಿದ್ದಿದೆ ಅಂತ ಪಕ್ಕಪಕ್ಕ ಇಟ್ಟು ನೋಡಬಹುದು.