ಸಕ್ಕರೆಯ ಕಾವಲುಗಾರ ಮತ್ತು ಕಂಪ್ಯೂಟರಿನ ಜರಡಿ

ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಿ. ಹತ್ತು ವರ್ಷದ ಮಗಳಿಗೆ ಜ್ವರವೆಂದು ರಕ್ತ ಪರೀಕ್ಷೆ ಮಾಡಿಸಿದರೆ ಬರಿಹೊಟ್ಟೆಯ ಸಕ್ಕರೆ 125. ದಾಹವಿಲ್ಲ, ತೂಕವೂ ಇಳಿದಿಲ್ಲ. ಅಪ್ಪನಿಗೂ ಬಹಳ ವರ್ಷದಿಂದ ‘ಸ್ವಲ್ಪ ಜಾಸ್ತಿ’. ಮಾತ್ರೆ ನುಂಗುತ್ತಲೇ ಇದ್ದಾನೆ. ಈಗ ಮಗಳಿಗೂ ಜೀವನವಿಡೀ ಸೂಜಿಯೇ ಎಂದು ಮನೆಯವರು ಕಂಗಾಲು.

ಇಂಥ ಕಡೆ ತಪ್ಪು ಗ್ಲುಕೋಕೈನೇಸ್ ಎಂಬ ಒಂದೇ ಕಿಣ್ವದ್ದಾಗಿರಬಹುದು. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಕುಳಿತು ರಕ್ತದ ಸಕ್ಕರೆಯನ್ನು ಅಳೆಯುವ ಕಾವಲುಗಾರ ಇದು. ಸಕ್ಕರೆ ಏರಿತು, ಇನ್ಸುಲಿನ್ ಬಿಡಿ ಎಂಬ ಸೂಚನೆ ಹೊರಡುವುದು ಇದರಿಂದಲೇ. ಈ ಕಿಣ್ವದ ಗುಣಾಣು ನಮ್ಮಲ್ಲಿ ಎರಡು ಪ್ರತಿ ಇರುತ್ತದೆ. ಒಂದು ಕೆಟ್ಟರೆ ಕಾವಲುಗಾರ ತಡವಾಗಿ ಎಚ್ಚರಗೊಳ್ಳುತ್ತಾನೆ. ಬರಿಹೊಟ್ಟೆಯ ಸಕ್ಕರೆ ಹುಟ್ಟಿನಿಂದಲೇ ಸುಮಾರು 100ರಿಂದ 145ರ ನಡುವೆ ನಿಲ್ಲುತ್ತದೆ. ಅದರಿಂದ ಹೆಚ್ಚಿನ ಉಪದ್ರವ ಅಪರೂಪ. ಗರ್ಭಿಣಿಯರ ಸಂಗತಿ ಬೇರೆ. ಉಳಿದವರಿಗೆ ಸಾಮಾನ್ಯವಾಗಿ ಔಷಧವೇ ಬೇಡ.

ಹಾಗಾದರೆ ಗುಣಾಣು ಪರೀಕ್ಷೆ ಮಾಡಿಸಿದರಾಯಿತಲ್ಲ ಎನ್ನುತ್ತೀರಾ? ತೊಡಕು ಶುರುವಾಗುವುದೇ ಅಲ್ಲಿ. ಈ ಕಿಣ್ವ 465 ಅಮೈನೋ ಆಮ್ಲಗಳ ಮಣಿಸರ. ಒಂದೊಂದು ಜಾಗದಲ್ಲೂ ಬೇರೆ 19 ಮಣಿಗಳಲ್ಲಿ ಯಾವುದಾದರೂ ಕೂರಬಹುದು. ಲೆಕ್ಕ ಹಾಕಿದರೆ 8,835 ಬದಲಾವಣೆಗಳು. ಹುಡುಗಿಯಲ್ಲಿ ಕಂಡದ್ದು ಹಿಂದೆ ಯಾರಲ್ಲೂ ಕಾಣದ ಬದಲಾವಣೆಯಾದರೆ ಅದು ಕೇಡಿನದೋ, ನಿರುಪದ್ರವಿಯೋ?

ಇದನ್ನು ಊಹಿಸಲು ಕಂಪ್ಯೂಟರ್ ಜರಡಿಗಳಿವೆ. 2001ರಲ್ಲಿ ಬಂದ ‘ಸಿಫ್ಟ್’ ಬೇರೆ ಬೇರೆ ಜೀವಿಗಳಲ್ಲಿರುವ ಇಂಥದೇ ಸರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ಎಲ್ಲದರಲ್ಲೂ ಒಂದೇ ಮಣಿ ಉಳಿದುಬಂದ ಜಾಗ ಮುಟ್ಟಿದರೆ ಕೇಡು ಎಂಬುದು ಅದರ ತರ್ಕ. 2010ರ ‘ಪಾಲಿಫೆನ್-2’ ಇದರೊಡನೆ ಸರ ಮಡಿಚಿಕೊಂಡ ಆಕಾರವನ್ನೂ ಗಮನಿಸುತ್ತದೆ. 2023ರಲ್ಲಿ ಗೂಗಲ್ ಡೀಪ್‌ಮೈಂಡ್ ತಂದ ‘ಆಲ್ಫಾಮಿಸೆನ್ಸ್’ ಮನುಷ್ಯನ ಪ್ರೋಟೀನುಗಳ 7.1 ಕೋಟಿ ಬದಲಾವಣೆಗಳಿಗೆ ಅಂಕ ಕೊಟ್ಟಿದೆ.

ಯಾವುದು ಮೇಲು? ಹೋಲಿಸುವಾಗ ಎಚ್ಚರ ಬೇಕು. ಕೆಲವು ಜರಡಿಗಳು ಈಗಾಗಲೇ ಗೊತ್ತಿರುವ ಬದಲಾವಣೆಗಳಿಂದಲೇ ಪಾಠ ಕಲಿತಿವೆ. ಅವನ್ನೇ ಮತ್ತೆ ಕೇಳಿದರೆ ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಹುಡುಗನಂತೆ ಒಳ್ಳೆಯ ಅಂಕ ತೆಗೆಯುತ್ತವೆ!

ಇನ್ನೂ ದೊಡ್ಡ ಸಮಸ್ಯೆಯಿದೆ. ಈ ಕಿಣ್ವ ಎರಡು ದಿಕ್ಕಿಗೂ ಕೆಡಬಲ್ಲದು. 455ನೆಯ ಜಾಗದಲ್ಲಿ ವ್ಯಾಲೀನ್ ಹೋಗಿ ಮೆಥಿಯೋನೀನ್ ಬಂದರೆ ಕಾವಲುಗಾರ ವಿಪರೀತ ಚುರುಕಾಗುತ್ತಾನೆ. ಇನ್ಸುಲಿನ್ ಅತಿಯಾಗಿ ಸಕ್ಕರೆ ಕುಸಿಯುತ್ತದೆ. ಇಂಥ ಕುಟುಂಬವೊಂದರ ವರದಿ 1998ರಲ್ಲೇ ಬಂದಿದೆ. ಜರಡಿ ‘ಕೇಡು’ ಎಂದೀತು. ಸಕ್ಕರೆ ಏರುವ ಕೇಡೋ ಇಳಿಯುವ ಕೇಡೋ ಎಂದು ಹೇಳದು. ಒಂದು ಮಾತ್ರೆ ಬೇಡದ ಸ್ಥಿತಿ, ಇನ್ನೊಂದು ಮಗು ಪ್ರಜ್ಞೆ ತಪ್ಪಬಹುದಾದ ಸ್ಥಿತಿ.

ಆದ್ದರಿಂದಲೇ ಅಮೆರಿಕದ ತಳಿವಿಜ್ಞಾನ ವೈದ್ಯರ 2015ರ ಮಾರ್ಗಸೂಚಿ ಕಂಪ್ಯೂಟರಿನ ಮಾತಿಗೆ ಪೂರಕ ಸಾಕ್ಷಿಯ ಸ್ಥಾನವನ್ನಷ್ಟೇ ಕೊಟ್ಟಿತು. ಗಟ್ಟಿ ಸಾಕ್ಷಿ ಪ್ರಯೋಗಾಲಯದಿಂದ ಬರಬೇಕು. ಡೆನ್ಮಾರ್ಕಿನ ವಿಜ್ಞಾನಿಗಳು ಈ ಕಿಣ್ವದ ಬಹುಪಾಲು ಬದಲಾವಣೆಗಳನ್ನು ಯೀಸ್ಟ್ ಕೋಶಗಳಲ್ಲಿ ಕೆಲಸಕ್ಕೆ ಹಚ್ಚಿ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು.

ಮನೆಯಲ್ಲೂ ಒಂದು ಸಾಕ್ಷಿಯಿದೆ. ಮಗಳ ಬದಲಾವಣೆಯೇ ಅಪ್ಪನಲ್ಲೂ ಇದೆಯೇ ಎಂದು ನೋಡುವುದು. ಅಲ್ಲಿಯವರೆಗೆ ಯಾರೂ ತಾವಾಗಿಯೇ ಮಾತ್ರೆ ಬಿಡಬಾರದು. ಜರಡಿ ಹಿಡಿದ ಮೇಲೂ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಉಳಿದೇ ಇರುತ್ತದೆ, ಅಲ್ಲವೆ?